ಆಟಗಾರ ಮೇಲೆ ಹೋಗ್ತಾನೆ, ಊರು ಯಾವಾಗ ಹೋಗೋದು?

ಹೋದ ತಿಂಗಳು ಬಂಗಾರಪೇಟೆ ಕಡೆಯ ಒಂದು ಊರಿನ ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಅವತ್ತು ಅಲ್ಲಿ ಮದುವೆ ಇರಲಿಲ್ಲ, ಹರಾಜು ಇತ್ತು. ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿಗೆ ಆಟಗಾರರ ಹರಾಜು. ಊಟದ ಟೇಬಲ್‌ಗಳನ್ನೇ ಎಳೆದು ಎಂಟು ಕಡೆ ಹಾಕಿದ್ದರು. ಒಂದೊಂದು ಟೇಬಲ್ಲಿಗೂ ಒಬ್ಬೊಬ್ಬ ಓನರ್. ಒಬ್ಬರು ಕೋಲಾರದ ಮಂಡಿಯಲ್ಲಿ ಟೊಮೆಟೊ ವ್ಯಾಪಾರ ಮಾಡುವವರು, ಒಬ್ಬರು ಹಾರ್ಡ್‌ವೇರ್ ಅಂಗಡಿಯವರು, ಇಬ್ಬರು ಸೈಟು ವ್ಯವಹಾರದವರು. ತಲಾ 10 ಸಾವಿರ ಪಾಯಿಂಟ್. ಸ್ಟೀಲ್ ಡಬ್ಬಿಯಿಂದ ಒಬ್ಬ ಹುಡುಗ ಚೀಟಿ ಎತ್ತುತ್ತಿದ್ದ, ಇನ್ನೊಬ್ಬ ಮೈಕಿನಲ್ಲಿ ಹೆಸರು ಕೂಗುತ್ತಿದ್ದ.

ಬಾಗಿಲ ಹತ್ತಿರ ಒಬ್ಬ ಎಡಗೈ ಬೌಲರ್ ನಿಂತಿದ್ದ. ಮನೆಗಳಿಗೆ ವೈರಿಂಗ್ ಕೆಲಸ ಮಾಡುವ ಹುಡುಗ. ಮೊದಲ ಸುತ್ತಿನಲ್ಲಿ ಅವನ ಹೆಸರು ಬಂದಾಗ ಯಾರೂ ಕೈ ಎತ್ತಲಿಲ್ಲ. 'ಅನ್‌ಸೋಲ್ಡ್' ಅಂದರು. ಅವನು ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾ ನಿಂತ. ಸ್ಕ್ರೀನ್ ಆಫ್ ಆಗಿತ್ತು, ಆದರೂ ನೋಡುತ್ತಿದ್ದ. ಎರಡನೇ ಸುತ್ತಿನಲ್ಲಿ 300 ಪಾಯಿಂಟಿಗೆ ಒಂದು ತಂಡ ತೆಗೆದುಕೊಂಡಿತು. ತಕ್ಷಣ ಹೊರಗೆ ಓಡಿ ಮನೆಗೆ ಫೋನ್ ಮಾಡಿದ.

ಹರಾಜು ಮುಗಿದ ಮೇಲೆ ಪಕ್ಕದಲ್ಲಿದ್ದವರನ್ನು ಕೇಳಿದೆ, "ಹೋದ ವರ್ಷ ಕಪ್ ಗೆದ್ದ ತಂಡ ಯಾವುದಣ್ಣ?" ಅವರು ಒಂದು ಹೆಸರು ಹೇಳಿದರು. "ಈ ಸಲ ಅದಿಲ್ಲ. ಓನರ್ ದುಡ್ಡು ಹಾಕಲ್ಲ ಅಂದ್ರು." ಗೆದ್ದ ತಂಡವೇ ಮಾಯ. ಅದಕ್ಕೆ ಬೇಜಾರು ಮಾಡಿಕೊಂಡವರು ಒಬ್ಬರೂ ಕಾಣಲಿಲ್ಲ. ಆಟಗಾರರು ಬೇರೆ ತಂಡಗಳಿಗೆ ಹಂಚಿಹೋಗಿದ್ದರು, ಅಷ್ಟೆ.

ತಂಡ ಅನ್ನೋದು ಯಾರದು? ಓನರ್‌ದಾ, ಆಟಗಾರರದಾ, ಊರಿನದಾ? ಜಗತ್ತಿನ ದೊಡ್ಡ ದೊಡ್ಡ ಲೀಗ್‌ಗಳು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ನಮ್ಮ ದೇಶ ಆರಿಸಿಕೊಂಡ ಉತ್ತರದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಊರುಗಳಿಗೆ ಜಾಗವೇ ಇಲ್ಲ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ವಿಷಯ.

ಮೊದಲು ಅಮೆರಿಕ ನೋಡೋಣ. ಅಲ್ಲಿ ಫುಟ್ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಅದರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ. ಎಷ್ಟೇ ಸೋತರೂ ಯಾವ ತಂಡವೂ ಕೆಳಗಿನ ಲೀಗಿಗೆ ಇಳಿಯುವುದಿಲ್ಲ, ಹೊರಗಿನ ತಂಡ ಗೆದ್ದು ಒಳಗೆ ಬರುವ ದಾರಿಯೂ ಇಲ್ಲ. ಬಾಗಿಲು ಮುಚ್ಚಿದ ಮನೆ ಅಂತಿಟ್ಟುಕೊಳ್ಳಿ. ಆದರೆ ಮನೆಯೊಳಗೆ ಅನ್ನ ಸಮನಾಗಿ ಬಡಿಸುತ್ತಾರೆ. 1961ರಲ್ಲಿ ಲೀಗಿನ ಕಮಿಷನರ್ ಪೀಟ್ ರೋಜೆಲ್ ನ್ಯೂಯಾರ್ಕ್, ಶಿಕಾಗೊದಂಥ ದೊಡ್ಡ ನಗರಗಳ ಮಾಲೀಕರನ್ನು ಕೂರಿಸಿಕೊಂಡು, ಟಿವಿ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳೋಣ ಅಂತ ಒಪ್ಪಿಸಿದರು. ಅದಕ್ಕೆ ಅನುಕೂಲವಾಗುವ ಕಾನೂನಿಗೆ ಅಧ್ಯಕ್ಷ ಕೆನಡಿ ಅದೇ ವರ್ಷ ಸಹಿ ಹಾಕಿದರು. ಹೋದ ಸೀಸನ್‌ನಲ್ಲಿ ಕೊನೆಗೆ ಬಂದ ತಂಡಕ್ಕೆ ಕಾಲೇಜಿನಿಂದ ಬರುವ ಹೊಸ ಹುಡುಗರಲ್ಲಿ ಮೊದಲ ಆಯ್ಕೆ. ಸಂಬಳಕ್ಕೂ ಮಿತಿ ಇದೆ.

ಈ ಹಂಚಿಕೆಯಿಂದ ಬದುಕಿದ ಒಂದು ಊರಿದೆ, ಗ್ರೀನ್ ಬೇ. ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. 2011ರ ಜನಗಣತಿಯಲ್ಲಿ ನಮ್ಮ ಕೋಲಾರ ನಗರದ ಜನಸಂಖ್ಯೆ ಸುಮಾರು 1.38 ಲಕ್ಷ. ಅಂದರೆ ಗ್ರೀನ್ ಬೇ ಕೋಲಾರಕ್ಕಿಂತ ಚಿಕ್ಕದು! ಆ ಊರಿನ ತಂಡ ಪ್ಯಾಕರ್ಸ್, ಎನ್‌ಎಫ್‌ಎಲ್ ಅನ್ನು ಎಲ್ಲರಿಗಿಂತ ಹೆಚ್ಚು, 13 ಸಲ ಗೆದ್ದಿದೆ. 1919ರಲ್ಲಿ ಮಾಂಸ ಡಬ್ಬಿ ಮಾಡುವ ಕಂಪನಿಯೊಂದರ ಹಣದಿಂದ ಶುರುವಾದ ತಂಡ ಅದು. ಹಾಗಾಗಿ ಪ್ಯಾಕರ್ಸ್ ಅಂತ ಹೆಸರು. ನಡೆಸೋದು ಕಷ್ಟವಾದಾಗ 1923ರಲ್ಲಿ ಊರಿನ ಜನರಿಗೇ ಷೇರು ಮಾರಿದರು. ಈಗ ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಲಾಭಾಂಶ ಇಲ್ಲ, ಲಾಭಕ್ಕೆ ಮಾರುವ ಹಾಗೂ ಇಲ್ಲ. ಗೋಡೆಗೆ ಫ್ರೇಮ್ ಹಾಕಿಸಿ ನೇತುಹಾಕುವ ಒಂದು ಕಾಗದ, ವರ್ಷಕ್ಕೊಂದು ಸಭೆಯಲ್ಲಿ ಓಟು, ಇಷ್ಟೇ ಸಿಗೋದು. ಆದರೂ ಜನ ಕೊಳ್ಳುತ್ತಾರೆ. ಲೀಗಿನ ಸಾಮಾನ್ಯ ಖಾತೆಯಿಂದ ಪ್ಯಾಕರ್ಸ್‌ಗೆ ಈಗ ವರ್ಷಕ್ಕೆ 40 ಕೋಟಿ ಡಾಲರ್‌ಗೂ ಹೆಚ್ಚು ಬರುತ್ತದೆ. ನ್ಯೂಯಾರ್ಕಿನ ತಂಡಕ್ಕೂ ಅಷ್ಟೇ. ಟಿವಿಯವರ ಜೊತೆ ತಂಡಗಳು ಬೇರೆ ಬೇರೆಯಾಗಿ ಚೌಕಾಶಿ ಮಾಡಿದ್ದರೆ ಗ್ರೀನ್ ಬೇ ಯಾವತ್ತೋ ಮುಚ್ಚಿಹೋಗುತ್ತಿತ್ತು.

ಇಂಥ ಇನ್ನೊಂದು ಊರಿನ ತಂಡ ಹುಟ್ಟಲು ಎನ್‌ಎಫ್‌ಎಲ್ ಈಗ ಬಿಡುವುದಿಲ್ಲ, ಇದನ್ನೂ ಹೇಳಲೇಬೇಕು. ಗ್ರೀನ್ ಬೇ ಹಳೇದು ಅನ್ನುವ ಕಾರಣಕ್ಕೆ ಉಳಿದಿದೆ.

ಯುರೋಪಿನ ಫುಟ್ಬಾಲ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಲೀಗ್ ಅಂದರೆ ಏಣಿ. ಗೆದ್ದವರು ಒಂದು ಮೆಟ್ಟಿಲು ಹತ್ತುತ್ತಾರೆ, ಸೋತವರು ಒಂದು ಮೆಟ್ಟಿಲು ಇಳಿಯುತ್ತಾರೆ. ಜರ್ಮನಿಯ ಹೈಡೆನ್‌ಹೈಮ್ ಅನ್ನುವ ಊರಿನಲ್ಲಿ ಸುಮಾರು 50 ಸಾವಿರ ಜನ. 2011ರಲ್ಲೇ ಚಿಕ್ಕಬಳ್ಳಾಪುರ ಪಟ್ಟಣದಲ್ಲಿ 63 ಸಾವಿರ ಇದ್ದರು. ಆ ಊರಿನಲ್ಲೇ ಹುಟ್ಟಿದ ಫ್ರಾಂಕ್ ಷ್ಮಿಟ್ 2007ರಲ್ಲಿ ಕೋಚ್ ಆದಾಗ ತಂಡ ನಾಲ್ಕನೇ ಮೆಟ್ಟಿಲಲ್ಲಿತ್ತು. 2023ರ ಮೇ ತಿಂಗಳು, ಎರಡನೇ ಮೆಟ್ಟಿಲಿನ ಕೊನೆಯ ದಿನದ ಆಟ. ಹೈಡೆನ್‌ಹೈಮ್ 90 ನಿಮಿಷ ಮುಗಿದಾಗಲೂ ಹಿಂದೆ ಇತ್ತು. ದೂರದಲ್ಲಿ ಬೇರೆ ಪಂದ್ಯ ಗೆದ್ದ ಹ್ಯಾಂಬರ್ಗ್ ಅಭಿಮಾನಿಗಳು, ನಾವೇ ಮೇಲೆ ಹೋದೆವು ಅಂತ ಮೈದಾನಕ್ಕೆ ನುಗ್ಗಿ ಕುಣಿಯುತ್ತಿದ್ದರು. ಅಷ್ಟರಲ್ಲಿ ಹೈಡೆನ್‌ಹೈಮ್ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆಯಿತು, ಕೊನೆಯದು 99ನೇ ನಿಮಿಷದಲ್ಲಿ. ಲಕ್ಷಾಂತರ ಜನರ ಹ್ಯಾಂಬರ್ಗ್ ಕೆಳಗೇ ಉಳಿಯಿತು, 50 ಸಾವಿರ ಜನರ ಊರು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಾದ ಬುಂಡೆಸ್‌ಲೀಗಾಕ್ಕೆ ಹೋಯಿತು.

ಜರ್ಮನಿಯಲ್ಲಿ ಇನ್ನೊಂದು ನಿಯಮವಿದೆ, ಅದು ನನಗೆ ತುಂಬಾ ಇಷ್ಟ. ಹಣ ಹಾಕುವವರು ಎಷ್ಟೇ ಹಾಕಲಿ, ಅರ್ಧಕ್ಕಿಂತ ಹೆಚ್ಚು ಓಟು ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕು. ಇದನ್ನು 50+1 ಅನ್ನುತ್ತಾರೆ. ಬಾಯರ್, ಫೋಕ್ಸ್‌ವ್ಯಾಗನ್ ಕಂಪನಿಗಳ ಹಳೆಯ ತಂಡಗಳಿಗೆ ಮಾತ್ರ ವಿನಾಯಿತಿ. 2024ರ ಆರಂಭದಲ್ಲಿ ಲೀಗ್‌ನವರು ಟಿವಿ ಆದಾಯದ ಒಂದು ಪಾಲನ್ನು ಹೂಡಿಕೆದಾರರಿಗೆ ಕೊಡಲು ಹೊರಟಾಗ ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಬಾಲ್ ಎಸೆದು ಆಟ ನಿಲ್ಲಿಸಿದರು. ಫೆಬ್ರವರಿಯಲ್ಲಿ ಆ ಒಪ್ಪಂದವನ್ನೇ ಕೈಬಿಟ್ಟರು.

ಇಂಗ್ಲೆಂಡಿನಲ್ಲಿ ಏಣಿ ಇದೆ, ಆದರೆ ಮೆಟ್ಟಿಲುಗಳ ಮಧ್ಯೆ ಅಂತರ ತುಂಬಾ. ಲೂಟನ್ ತಂಡ 2014ರ ತನಕ ಐದನೇ ಮೆಟ್ಟಿಲಲ್ಲಿತ್ತು, 2023ರಲ್ಲಿ ಮೊದಲ ಮೆಟ್ಟಿಲಾದ ಪ್ರೀಮಿಯರ್ ಲೀಗ್ ಮುಟ್ಟಿತು. ಅವರ ಮೈದಾನಕ್ಕೆ ಹೊರಗಿನ ಅಭಿಮಾನಿಗಳು ಹೋಗುವ ದಾರಿ ಸಾಲುಮನೆಗಳ ನಡುವೆ ಇದೆ. ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯವರು ಹಿತ್ತಲಲ್ಲಿ ಒಣಗಹಾಕಿದ ಬಟ್ಟೆ ಕಾಣುತ್ತದೆ. ಅಂಥ ಊರಿನ ತಂಡ 2024ರಲ್ಲಿ ಇಳಿಯಿತು, 2025ರಲ್ಲಿ ಮತ್ತೂ ಇಳಿಯಿತು. ಇಳಿದವರು ಒಮ್ಮೆಲೇ ಬೀಳದಿರಲಿ ಅಂತ ಪ್ರೀಮಿಯರ್ ಲೀಗ್ ಮೂರು ವರ್ಷದವರೆಗೆ ಹಣ ಕೊಡುತ್ತದೆ, ಅದರ ಹೆಸರೇ ಪ್ಯಾರಾಚೂಟ್ ಹಣ. ಇನ್ನೂ ಕೆಳಗಿನವರಿಗೆ ಆ ಭಾಗ್ಯವಿಲ್ಲ. 1885ರಲ್ಲಿ ಹುಟ್ಟಿದ ಬರಿ ಕ್ಲಬ್ಬನ್ನು ಸಾಲದ ಕಾರಣಕ್ಕೆ 2019ರ ಆಗಸ್ಟ್‌ನಲ್ಲಿ ಲೀಗಿನಿಂದ ಹೊರಹಾಕಿದರು. ಇಂಥದ್ದೆಲ್ಲ ನೋಡಿ ನೋಡಿ ಕೊನೆಗೆ ಬ್ರಿಟನ್ ಸರ್ಕಾರ 2025ರಲ್ಲಿ ಕಾನೂನು ಮಾಡಿ ಫುಟ್ಬಾಲಿಗೇ ಒಂದು ಸ್ವತಂತ್ರ ನಿಯಂತ್ರಕರನ್ನು ತಂದಿತು.

ದೊಡ್ಡ ಕ್ಲಬ್ಬುಗಳಿಗೆ ಇಳಿಯುವ ಭಯ ಇಷ್ಟವಿಲ್ಲ. 2021ರ ಏಪ್ರಿಲ್ 18ರಂದು ರಿಯಲ್ ಮ್ಯಾಡ್ರಿಡ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ 12 ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಘೋಷಿಸಿದವು. ಅದರಲ್ಲಿ ಸ್ಥಾಪಕ ತಂಡಗಳು ಎಂದೂ ಇಳಿಯುವ ಹಾಗಿರಲಿಲ್ಲ. ಜನ ಬೀದಿಗಿಳಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಬಾಗಿಲು ಮುಚ್ಚಬೇಡಿ ಅಂತ ಗಲಾಟೆ ಮಾಡಿದವರಲ್ಲಿ ಆ ಕ್ಲಬ್ಬುಗಳ ಸ್ವಂತ ಅಭಿಮಾನಿಗಳೇ ಮುಂದಿದ್ದರು. ಇದನ್ನು ಓದಿದಾಗ ನನಗೆ ನಿಜವಾಗಿ ಗಂಟಲು ಕಟ್ಟಿತ್ತು.

ಈಗ ನಮ್ಮ ಕಡೆ ಬನ್ನಿ. 2008ರಲ್ಲಿ ಐಪಿಎಲ್ ಶುರುವಾದಾಗ ನಾವು ಅಮೆರಿಕದ ಮುಚ್ಚಿದ ಮನೆಯನ್ನೇ ತಂದೆವು. ಎಂಟು ತಂಡ ಹರಾಜಾದವು, ಈಗ ಹತ್ತು. ಯಾವ ತಂಡವೂ ಇಳಿಯಲ್ಲ. ಟಿವಿ ಹಣದಲ್ಲಿ ತಂಡಗಳಿಗೂ ಪಾಲು ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಅಮೆರಿಕದಿಂದ ಒಂದು ಮುಖ್ಯ ವಸ್ತು ತರಲಿಲ್ಲ. ಅದು ಆಟಗಾರರ ಸಂಘ.

ಲೆಕ್ಕ ಹಾಕಿ ನೋಡಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಹೋದದ್ದು 48,390 ಕೋಟಿ ರೂಪಾಯಿಗೆ. ವರ್ಷಕ್ಕೆ 9,678 ಕೋಟಿ. 2025ರಲ್ಲಿ ಒಂದು ತಂಡ ಆಟಗಾರರಿಗೆ ಖರ್ಚು ಮಾಡಬಹುದಾಗಿದ್ದ ಹಣ 120 ಕೋಟಿ, ಹತ್ತು ತಂಡಕ್ಕೆ 1,200 ಕೋಟಿ. ಆ ವರ್ಷದಿಂದ ಪಂದ್ಯಕ್ಕೆ ಏಳೂವರೆ ಲಕ್ಷದಂತೆ ಕೊಡುವ ಮ್ಯಾಚ್ ಫೀ ಸೇರಿಸಿದರೆ ಇನ್ನೊಂದು ನೂರು ಚಿಲ್ಲರೆ ಕೋಟಿ. ಅಂದರೆ ಪ್ರಸಾರದ ಹಣಕ್ಕೆ ಹೋಲಿಸಿದರೂ ಆಟಗಾರರಿಗೆ ಹೋಗುವುದು ಶೇ 14ರ ಆಸುಪಾಸು. ಟಿಕೆಟ್, ಜಾಹೀರಾತು ಎಲ್ಲ ಸೇರಿಸಿದರೆ ಇನ್ನೂ ಕಡಿಮೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಎನ್‌ಎಫ್‌ಎಲ್‌ನಲ್ಲಿ ಆದಾಯದ ಹೆಚ್ಚುಕಡಿಮೆ ಅರ್ಧ ಆಟಗಾರರಿಗೆ. ಅಲ್ಲಿ ಸಂಘ ಕೂತು ಒಪ್ಪಂದ ಮಾಡಿಕೊಳ್ಳುತ್ತದೆ. ಐಪಿಎಲ್ ಎರಡು ತಿಂಗಳ ಆಟ, ಬಂದ ಹಣದಲ್ಲಿ ರಾಜ್ಯ ಸಂಸ್ಥೆಗಳಿಗೂ ಹೋಗುತ್ತದೆ, ಅದನ್ನೂ ಒಪ್ಪೋಣ. ಆದರೂ 27 ಕೋಟಿಗೆ ಮಾರಾಟವಾದ ರಿಷಭ್ ಪಂತ್ ಹೆಸರು ನಮಗೆಲ್ಲ ಗೊತ್ತು, ಈ ಶೇಕಡಾ ಲೆಕ್ಕ ಯಾರಿಗೂ ಗೊತ್ತಿಲ್ಲ ಅಲ್ವಾ?

ಮುಂದಿನ ಚಿಂತೆ ಇದಕ್ಕಿಂತ ದೊಡ್ಡದು. 2022ರಲ್ಲಿ ಪ್ರಸಾರ ಹಕ್ಕಿಗೆ ಸ್ಟಾರ್ ಮತ್ತು ವಯಾಕಾಮ್18 ಪೈಪೋಟಿ ಮಾಡಿದ್ದವು, ಟಿವಿ ಒಬ್ಬರಿಗೆ ಹೋಯಿತು, ಮೊಬೈಲ್ ಇನ್ನೊಬ್ಬರಿಗೆ. 2024ರ ನವೆಂಬರ್‌ನಲ್ಲಿ ಆ ಎರಡೂ ಸೇರಿ ಜಿಯೋಸ್ಟಾರ್ ಆದವು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು, ಆ ಕಂಪನಿಗಳ ಜಾಹೀರಾತು ಹೋಯಿತು. ಮಂಡಿಯಲ್ಲಿ ಕೊಳ್ಳುವವನು ಒಬ್ಬನೇ ಆದರೆ ಟೊಮೆಟೊ ಬಾಕ್ಸಿನ ರೇಟು ಏನಾಗುತ್ತದೆ ಅಂತ ಕೋಲಾರದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಕ್ರಿಕೆಟ್ ತಡೆದುಕೊಳ್ಳಬಹುದು. ಸಣ್ಣ ಲೀಗ್‌ಗಳು?

ಫುಟ್ಬಾಲ್ ಆಗಲೇ ಪೆಟ್ಟು ತಿಂದಿದೆ. ಇಂಡಿಯನ್ ಸೂಪರ್ ಲೀಗ್ ನಡೆಸುತ್ತಿದ್ದ ಕಂಪನಿಗೂ ಫುಟ್ಬಾಲ್ ಫೆಡರೇಷನ್‌ಗೂ ಇದ್ದ 15 ವರ್ಷದ ಒಪ್ಪಂದ 2025ರ ಕೊನೆಗೆ ಮುಗಿಯುವುದಿತ್ತು. ಹೊಸದು ಆಗಲಿಲ್ಲ. ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಸಂಬಳ ನಿಲ್ಲಿಸುವುದಾಗಿ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ ಲೀಗ್ ನಡೆಸಲು ಟೆಂಡರ್ ಕರೆದರೆ ನವೆಂಬರ್‌ನ ಗಡುವಿನೊಳಗೆ ಒಂದು ಬಿಡ್ ಕೂಡ ಬರಲಿಲ್ಲ. ಕೊನೆಗೆ 2026ರ ಫೆಬ್ರವರಿಯಲ್ಲಿ ಮೊಟಕು ಸೀಸನ್ ಶುರು ಮಾಡುವ ತೀರ್ಮಾನವಾಯಿತು. ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಆದದ್ದೇ ದೆಹಲಿ ಮಟ್ಟದಲ್ಲೂ ಆಯಿತು. ಹಣ ಹಾಕುವವರು ಸುಮ್ಮನಾದರೆ ಆಟವೇ ಇಲ್ಲ.

ಕಬಡ್ಡಿ ವಿಷಯಕ್ಕೆ ಬಂದರೆ ನನ್ನ ಮನಸ್ಸು ಎರಡಾಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜಿನಲ್ಲಿ ರಾಕೇಶ್ ಕುಮಾರ್‌ಗೆ ಸಿಕ್ಕ 12.80 ಲಕ್ಷವೇ ದೊಡ್ಡ ಮೊತ್ತ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2.60 ಕೋಟಿ ದಾಟಿತು. ನಮ್ಮ ಹಳ್ಳಿಗಳ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಮೊಣಕಾಲು ಕೆತ್ತಿಸಿಕೊಂಡು ಆಡುವ ಹುಡುಗರಿಗೆ ಇದೊಂದು ದೊಡ್ಡ ಆಸೆ ಕೊಟ್ಟಿದೆ, ಸುಳ್ಳಲ್ಲ. ಆದರೆ ಲೀಗಿನಲ್ಲಿ 12 ತಂಡ, 2017ರಿಂದ ಅಷ್ಟೇ. 2024 ಮತ್ತು 2025ರ ಸೀಸನ್‌ಗಳು ಮೂರು ನಾಲ್ಕು ನಗರಗಳಲ್ಲೇ ಮುಗಿದವು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಬೆಂಗಳೂರು ಬುಲ್ಸ್ ಬೆಂಗಳೂರಿನಲ್ಲೇ ಆಡಲಿಲ್ಲ. ಹೆಸರಿನಲ್ಲಿ ಊರು ಉಳಿದಿದೆ, ಮೈದಾನದಲ್ಲಿ ಇಲ್ಲ. ಖೋ ಖೋ ಲೀಗಿನ ಕಥೆ ಇನ್ನೂ ಬೇಸರ. ತುಮಕೂರು ಕಡೆ ಶಾಲೆ ಬಿಟ್ಟ ಮೇಲೆ ಸುಣ್ಣದ ಗೆರೆ ಎಳೆದು ಕಂಬ ನೆಡುವ ಮಕ್ಕಳು ಎಷ್ಟೋ ಜನ. 2022ರಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋದ ಆರು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ.

ರಾಜ್ಯದೊಳಗಿನ ಕ್ರಿಕೆಟ್ ಲೀಗ್ ಮಹಾರಾಜ ಟ್ರೋಫಿ ನೋಡಿ. ಗುಲ್ಬರ್ಗ, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಬೆಂಗಳೂರು. ನಮ್ಮ ಮೂರು ಜಿಲ್ಲೆಯ ಹೆಸರಿಲ್ಲ. ಬೆಂಗಳೂರಿಗೆ ಹತ್ತಿರ ಇರೋದೇ ನಮಗೆ ಮುಳುವಾಗಿದೆ. ಒಳ್ಳೆಯ ಹುಡುಗ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕ್ಲಬ್ಬಿಗೆ ಹೋಗುತ್ತಾನೆ, ಅಲ್ಲೇ ಆಡುತ್ತಾನೆ, ಅಲ್ಲಿಯವನೇ ಆಗುತ್ತಾನೆ. ಅವನು ಮೇಲೆ ಹೋಗೋದು ಸಂತೋಷವೇ. ಆದರೆ ಅವನ ಹಿಂದೆ ಊರಿನ ಮೈದಾನ, ಊರಿನ ಕೋಚ್, ಊರಿನ ತಂಡ ಯಾವುದೂ ಒಂದಿಂಚು ಮೇಲೆ ಹೋಗಲ್ಲ.

ಹಿಂದೆ ನಮ್ಮಲ್ಲೂ ಬೇರೆ ಥರ ಇತ್ತು. ಕೆಜಿಎಫ್‌ನಲ್ಲಿ ಗಣಿ ಕಂಪನಿ ಮೈದಾನ ಮಾಡಿಕೊಟ್ಟಿತ್ತು. ಶಿಫ್ಟ್ ಮುಗಿಸಿ ಮೇಲೆ ಬಂದವರು ಫುಟ್ಬಾಲು, ಹಾಕಿ ಆಡುತ್ತಿದ್ದರು. ಆಟ ಚೆನ್ನಾಗಿ ಬಂದರೆ ಕೆಲಸಕ್ಕೂ ಅನುಕೂಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕಂಪನಿಯ ಜೊತೆ ಆಟದ ಬೆನ್ನೆಲುಬೂ ಹೋಯಿತು. ಚಾಂಪಿಯನ್ ರೀಫ್ ಕಡೆಯ ಒಂದು ಮೈದಾನದಲ್ಲಿ ಹೋದ ವರ್ಷ ಅರ್ಧ ಗಂಟೆ ನಿಂತಿದ್ದೆ. ಒಂದು ಗೋಲು ಕಂಬ ಉಳಿದಿತ್ತು, ಅದಕ್ಕೆ ಯಾರೋ ಹಸು ಕಟ್ಟಿದ್ದರು. ಈ ಕಡೆ ಎರಡು ಕಲ್ಲಿಟ್ಟು ಹುಡುಗರು ಆಡುತ್ತಲೇ ಇದ್ದರು.

ಇದೇ ಥರದ ಕಂಪನಿ ಊರು ಜಪಾನಿನಲ್ಲೂ ಇತ್ತು, ಕಾಶಿಮಾ. ಸುಮಿಟೊಮೊ ಉಕ್ಕಿನ ಕಾರ್ಖಾನೆ, ಅದರದ್ದೊಂದು ಫುಟ್ಬಾಲ್ ತಂಡ. ಜಪಾನ್ ತನ್ನ ವೃತ್ತಿಪರ ಲೀಗ್ ಕಟ್ಟುವಾಗ ಒಂದು ಗಟ್ಟಿ ಷರತ್ತು ಹಾಕಿತು. ತಂಡಕ್ಕೆ ಕಂಪನಿಯ ಹೆಸರು ಇರಬಾರದು, ಊರಿನ ಹೆಸರು ಇರಬೇಕು, ಊರಿನ ಆಡಳಿತವೂ ಜೊತೆಗಿರಬೇಕು. ಅಷ್ಟು ಸಣ್ಣ ಊರಿಗೆ ಜಾಗ ಸಿಗೋದು 99.9999 ಭಾಗ ಸಾಧ್ಯವಿಲ್ಲ ಅಂತ ಲೀಗಿನ ಮುಖ್ಯಸ್ಥ ಕವಾಬುಚಿ ಹೇಳಿದ್ದರು. 15 ಸಾವಿರ ಜನ ಕೂರುವ, ಮೇಲೆ ಚಾವಣಿ ಇರುವ ಸ್ಟೇಡಿಯಂ ಕಟ್ಟಿದರೆ ನೋಡೋಣ ಅಂದರು. ಅವರು ಕಟ್ಟಿಯೇಬಿಟ್ಟರು. ಬ್ರೆಜಿಲ್‌ನ ಹೆಸರಾಂತ ಆಟಗಾರ ಜಿಕೊ ಬಂದು ಆಡಿದ. 1993ರಲ್ಲಿ ಹತ್ತು ತಂಡದಿಂದ ಶುರುವಾದ ಜೆ ಲೀಗ್‌ನಲ್ಲಿ ಈಗ ಮೂರು ಮೆಟ್ಟಿಲು, 60 ಕ್ಲಬ್. ಅದನ್ನು ಅತಿ ಹೆಚ್ಚು ಸಲ ಗೆದ್ದಿರುವುದು ಕಾಶಿಮಾ. 2019ರಲ್ಲಿ ಉಕ್ಕಿನ ಕಂಪನಿ ತನ್ನ ದೊಡ್ಡ ಪಾಲನ್ನು ಬೇರೆ ಕಂಪನಿಗೆ ಮಾರಿತು. ತಂಡ ಅಲುಗಾಡಲಿಲ್ಲ. ಅಷ್ಟು ಹೊತ್ತಿಗೆ ಅದು ಊರಿನದಾಗಿತ್ತು.

ಹಾಗಾದರೆ ನಾವೇನು ಮಾಡಬೇಕು? ಐಪಿಎಲ್ ಬಾಗಿಲು ನಾಳೆ ತೆರೆಯುತ್ತದೆ ಅಂತ ನಾನು ಹೇಳಲ್ಲ. ಸಾವಿರಾರು ಕೋಟಿ ಕೊಟ್ಟು ಕೊಂಡವರು ಇಳಿಯಲು ಒಪ್ಪಲ್ಲ. ಫುಟ್ಬಾಲಿನಲ್ಲಿ ಅರ್ಧ ಬಾಗಿಲು ತೆರೆದಿದೆ. 2023ರಿಂದ ಎರಡನೇ ಮೆಟ್ಟಿಲಿನ ಐ ಲೀಗ್ ಗೆದ್ದವರು ಸೂಪರ್ ಲೀಗಿಗೆ ಬರುತ್ತಿದ್ದಾರೆ, ಮೊದಲು ಬಂದದ್ದು ಪಂಜಾಬ್, ಆಮೇಲೆ ಕೋಲ್ಕತ್ತದ ಮೊಹಮ್ಮಡನ್. ನನ್ನ ಕಣ್ಣಿರೋದು ಕಬಡ್ಡಿ ಮತ್ತು ಖೋ ಖೋ ಮೇಲೆ. ಇವಕ್ಕೆ ದೊಡ್ಡ ಸ್ಟೇಡಿಯಂ ಬೇಡ. ತಾಲ್ಲೂಕಿಗೊಂದು ತಂಡ, ಜಿಲ್ಲೆಗೊಂದು ಲೀಗ್, ಗೆದ್ದವರು ರಾಜ್ಯದ ಲೀಗಿಗೆ, ಸೋತವರು ವಾಪಸ್. ಹೆಸರು ಊರಿನದೇ ಇರಬೇಕು, ಆಡುವವರಲ್ಲಿ ಅರ್ಧ ಜನವಾದರೂ ಆ ತಾಲ್ಲೂಕಿನವರಾಗಿರಬೇಕು. ಮುಳಬಾಗಿಲು ತಂಡ ಪಾವಗಡಕ್ಕೆ ಹೋಗಿ ಆಡಲಿ. ಗೌರಿಬಿದನೂರಿನವರು ಬಸ್ ಮಾಡಿಕೊಂಡು ಶಿರಾಕ್ಕೆ ಹೋಗಿ ಕೂಗಲಿ.

ಇದನ್ನೇ ಚಿಕ್ಕದಾಗಿ ಶುರು ಮಾಡಿ ಅಂತ ಬಂಗಾರಪೇಟೆ ಕಡೆಯ ಆ ಕ್ರಿಕೆಟ್ ಟೂರ್ನಮೆಂಟ್ ನಡೆಸುವವರಿಗೆ ಹೇಳಿದೆ. ಎಂಟು ತಂಡ ಮೇಲೆ, ಎಂಟು ತಂಡ ಕೆಳಗೆ. ಮೇಲಿನ ಕೊನೆಯ ಎರಡು ಇಳಿಯಲಿ, ಕೆಳಗಿನ ಮೊದಲ ಎರಡು ಏರಲಿ. ತಂಡಕ್ಕೆ ಹಳ್ಳಿಯ ಹೆಸರು. ಓನರ್ ಬದಲಾದರೂ ತಂಡ ಇರಲಿ.

ಟೊಮೆಟೊ ಮಂಡಿಯವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಅಲ್ಲಣ್ಣ, ದುಡ್ಡು ಹಾಕೋನು ನಾನು. ಸೋತ್ರೆ ಕೆಳಗೆ ಹೋಗ್ಬೇಕು ಅಂದ್ರೆ ಯಾರು ಹಾಕ್ತಾರೆ?"

ನ್ಯಾಯವಾದ ಪ್ರಶ್ನೆ. ಮ್ಯಾಡ್ರಿಡ್‌ನವರು ಕೇಳಿದ್ದೂ ಇದನ್ನೇ. ಇಂಗ್ಲೆಂಡಿನ ಪ್ಯಾರಾಚೂಟ್ ಹಣದ ವಿಷಯ ಹೇಳಿದೆ. ಇಳಿದ ತಂಡಕ್ಕೆ ಮುಂದಿನ ವರ್ಷ ಎಂಟ್ರಿ ಫೀಸಿನಲ್ಲಿ ಅರ್ಧ ಬಿಡಿ, ಫ್ಲೆಕ್ಸ್ ಜಾಹೀರಾತಿನಲ್ಲಿ ಬಂದ ಹಣವನ್ನು ಹದಿನಾರೂ ತಂಡಕ್ಕೆ ಸಮ ಹಂಚಿ ಅಂದೆ. ಅವರು ಟೇಬಲ್ ಮೇಲಿದ್ದ ಹರಾಜಿನ ಶೀಟು ತಿರುಗಿಸಿ ಹಿಂಬದಿಯಲ್ಲಿ ಲೆಕ್ಕ ಹಾಕಿದರು. "ಹದಿನಾರು ಜಾಸ್ತಿ ಆಯ್ತು. ಮೊದಲು ಎಂಟೇ ಊರು ಮಾಡೋಣ, ನಾಲ್ಕು ಮೇಲೆ, ನಾಲ್ಕು ಕೆಳಗೆ. ನಮ್ಮೂರು ಒಂದು ಬರ್ಕೊಳ್ಳಿ" ಅಂದರು. ಹಾರ್ಡ್‌ವೇರ್ ಅಂಗಡಿಯವರೂ ತಮ್ಮ ಊರಿನ ಹೆಸರು ಬರೆಸಿದರು. ಆ ವೈರಿಂಗ್ ಹುಡುಗ ಅದೇ ಊರಿನವನು.

ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಬೇಕು ಅಂತ ಮಾತಾಗಿದೆ. ಇನ್ನೂ ಆರು ಊರು ಬೇಕು.